ದವಡೆಗಳ ಕಪಾಟಿನ ಹಿಂದೆ

ಯುದ್ಧದ ಮೂರನೆಯ ವರ್ಷ ನನ್ನ ಸೋದರಮಾವ ಊರಿನವರ ದವಡೆಗಳ ಹಿಂದೆ ವಾಸವಾಗಿದ್ದ. ಉತ್ಪ್ರೇಕ್ಷೆಯಲ್ಲ. ನನ್ನಪ್ಪ ಹಲ್ಲಿನ ಡಾಕ್ಟರು. ಕಟ್ಟುಹಲ್ಲು ಮಾಡುವ ಮೊದಲು ರೋಗಿಯ ಬಾಯಿಯ ಅಳತೆಗೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತಿದ್ದರು. ಹಲ್ಲು ಕೀಳಲು ಹಿಂದೆಮುಂದೆ ನೋಡದ ಮನುಷ್ಯ, ಒಂದು ಅಚ್ಚನ್ನು ಎಸೆಯಲು ಮಾತ್ರ ಒಪ್ಪುತ್ತಿರಲಿಲ್ಲ. ಹಾಗಾಗಿ ಚಿಕಿತ್ಸೆಯ ಕೋಣೆಯ ಗೋಡೆಯುದ್ದದ ಕಪಾಟಿನಲ್ಲಿ ಅರ್ಧ ಊರು ಹಲ್ಲು ಕಿರಿದುಕೊಂಡು ಕೂತಿತ್ತು. ಅದರ ಹಿಂದೆ, ಹಳೆಯ ಬಾಗಿಲೊಂದನ್ನು ಮುಚ್ಚಿದ್ದ ಕಡೆ, ಎರಡಡಿ ಅಗಲದ ಸಂದು. ಅಲ್ಲಿ ನಿಲ್ಲಬಹುದು, ಕೂರಬಹುದು. ಮಲಗಬೇಕೆಂದರೆ ಮಂಡಿ ಗಲ್ಲಕ್ಕೆ ತಾಗಬೇಕು.

ಊರನ್ನು ಹಿಡಿದಿದ್ದ ಸೈನ್ಯ ಹರೆಯದ ಗಂಡಸರನ್ನೆಲ್ಲ ಹೊರೆ ಹೊರಲು ಒಯ್ಯುತ್ತಿತ್ತು. ಮಾವ ಆ ಶಿಬಿರದಿಂದ ಓಡಿ ಬಂದವನು. ಓಡಿದವನು ಸಿಕ್ಕರೆ ಗುಂಡು, ಅಡಗಿಸಿಟ್ಟವರಿಗೂ ಅದೇ. ಅಲ್ಲಿಂದ ಅವನು ತಂದ ಏಕೈಕ ಸಂಪಾದನೆ ಒಂದು ಕೆಮ್ಮು. ಒಮ್ಮೆ ಹಿಡಿಯಿತೆಂದರೆ ಐದು ನಿಮಿಷ ಬಿಡುತ್ತಿರಲಿಲ್ಲ. ಧೂಳಿಗೆ ಬರುತ್ತಿತ್ತು, ತಂಪಿಗೆ ಬರುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಗುವಿಗೆ ಬರುತ್ತಿತ್ತು.

ನನಗಾಗ ಒಂಬತ್ತು ವರ್ಷ. ನನ್ನ ಕಾಯಿಲೆ ಅಣಕ. ಬಂದ ರೋಗಿಗಳೆಲ್ಲ ಹೋದ ಮೇಲೆ ನನ್ನ ಬಾಯಲ್ಲಿ ಮತ್ತೊಮ್ಮೆ ಬರುತ್ತಿದ್ದರು. ಅದಕ್ಕೇ ಮಾವ ನನ್ನನ್ನು ಗಿಣಿ ಅನ್ನುತ್ತಿದ್ದ. ದಿನಾ ಅವನ ತಟ್ಟೆ ಒಯ್ಯುವವಳು ನಾನೇ. ಪ್ರತಿ ಸಲವೂ ಅಮ್ಮ ಬೆರಳೆತ್ತಿ ಹೇಳುತ್ತಿದ್ದಳು: "ತಟ್ಟೆ ಇಟ್ಟು ಬಾ ಅಷ್ಟೆ. ಅವನನ್ನ ನಗಿಸಿದ್ಯೋ, ನೋಡು ಮತ್ತೆ!"

ಆ ದಿನ ಬೆಳಿಗ್ಗೆ ತಟ್ಟೆಯೊಂದಿಗೆ ಒಳಗೆ ಹೋಗಿದ್ದೆ. ಬೀದಿಯಲ್ಲಿ ಬೂಟಿನ ಸದ್ದಾಯಿತು. ನನ್ನನ್ನು ಹೊರಗೆಳೆಯಲು ಸಮಯವಿಲ್ಲದೆ ಅಪ್ಪ ಕಪಾಟನ್ನು ತಳ್ಳಿ ಮುಚ್ಚಿಬಿಟ್ಟರು. ಕುಕ್ಕರಗಾಲಲ್ಲಿ ಕೂತಿದ್ದ ಮಾವನ ಬೆನ್ನಿಗೆ ನನ್ನ ಹೊಟ್ಟೆ, ನನ್ನ ಬೆನ್ನಿಗೆ ತಣ್ಣನೆ ಗೋಡೆ. ಅವನ ತಲೆಯ ಮೇಲಿಂದ, ಅಚ್ಚುಗಳ ನಡುವಿನ ಬಿರುಕಿನಲ್ಲಿ, ಕೋಣೆಯ ಒಂದು ಸೀಳು ಕಾಣುತ್ತಿತ್ತು. ಅಮ್ಮ ರೋಗಿಯ ಕುರ್ಚಿಗೆ ಹಾರಿ ಕೂತಳು. ಅಪ್ಪ ಕಾಲಲ್ಲಿ ತುಳಿದು ತಿರುಗಿಸುವ ಕೊರೆಯುವ ಯಂತ್ರ ಶುರುಮಾಡಿದರು. ಅದು ಮೊದಲೇ ಮಾತಾಡಿಕೊಂಡಿದ್ದ ಉಪಾಯ. ಆ ಗರಗರದಲ್ಲಿ ಸಣ್ಣ ಕೆಮ್ಮು ಮುಳುಗಿಹೋಗುತ್ತಿತ್ತು.

ಇಬ್ಬರು ಸಿಪಾಯಿಗಳ ಜೊತೆ ಒಳಗೆ ಬಂದವನನ್ನು ಬೀದಿಯವರು ಇಸ್ತ್ರಿ ಸಾಹೇಬ ಅನ್ನುತ್ತಿದ್ದರು. ಸಮವಸ್ತ್ರದಲ್ಲಿ ಒಂದು ಸುಕ್ಕಿಲ್ಲ. ಆದರೆ ಅಂದು ಬಲಗೆನ್ನೆ ಮಾತ್ರ ಬನ್ನಿನಂತೆ ಊದಿತ್ತು.

"ನಿಲ್ಸಿ ಅದನ್ನ! ತಲೆ ಸಿಡೀತಿದೆ," ಎಂದ. ನಾಲಿಗೆ ಹೊರಳದೆ 'ರ'ಗಳೆಲ್ಲ 'ಲ' ಆಗುತ್ತಿದ್ದವು. "ಮನೆ ಹುಡುಕ್ಬೇಕು. ಎಲ್ಲಲೂ ಬಾಯಿ ಮುಚ್ಕೊಂಡು ಇಲಿ. ಅಲ್ತ ಆಯ್ತಾ?"

ಯಂತ್ರ ನಿಂತಿತು. ಸಿಪಾಯಿಗಳು ಒಳಮನೆಗೆ ನುಗ್ಗಿ ಪೆಟ್ಟಿಗೆ ಪಾತ್ರೆ ಉರುಳಿಸತೊಡಗಿದರು. ಸಾಹೇಬ ಮಾತ್ರ ಕೆನ್ನೆ ಹಿಡಿದು ಇಲ್ಲೇ ಸ್ಟೂಲಿನ ಮೇಲೆ ಕೂತ, ನಮಗೆ ನಾಲ್ಕು ಹೆಜ್ಜೆ ದೂರದಲ್ಲಿ.

ಮಾವ ನಡುಗುತ್ತಿದ್ದ. ಅವನ ಬೆನ್ನಿನ ನಡುಕ ನನ್ನ ಪಕ್ಕೆಲುಬಿಗೆ ಇಳಿಯುತ್ತಿತ್ತು. ಪಾಪ ಅನಿಸಿತು. ಸಮಾಧಾನ ಮಾಡಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅವನ ಕಿವಿಗೆ ಬಾಯಿಟ್ಟು ಉಸಿರಿನಲ್ಲೇ ಹೇಳಿದೆ: "ಹಲ್ಲಿನ ಡಾಕ್ಟಲ್ ಮನೇಲಿ ಬಾಯಿ ಮುಚ್ಕೊಂಡು ಇದ್ಲೆ, ವ್ಯಾಪಾಲ ಹೇಗಾಗ್ಬೇಕು? ಅಲ್ತ ಆಯ್ತಾ?"

ಅವನ ಭುಜ ಕುಲುಕಿತು. ನಕ್ಕಿದ್ದ. ಮರುಗಳಿಗೆ ಆ ನಗು ಎದೆಯಲ್ಲಿ ತಿರುಗಿ ನಿಂತದ್ದು ನನ್ನ ಹೊಟ್ಟೆಗೇ ತಿಳಿಯಿತು. ಅವನು ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ. ಆದರೂ ಒಂದು ಕೆಮ್ಮು ತಪ್ಪಿಸಿಕೊಂಡಿತು.

"ಯಾಲದು?" ಸಾಹೇಬ ತಲೆಯೆತ್ತಿದ.

"ನಾನೇ ಸ್ವಾಮಿ," ಅಮ್ಮ ಕೆಮ್ಮಿ ತೋರಿಸಿದಳು. ನನ್ನ ಅಣಕವಿದ್ಯೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಥೇಟ್ ತಮ್ಮನದೇ ಕೆಮ್ಮು. ಆದರೆ ಮುಂದಿನದು ಅದಕ್ಕೆ ಜಗ್ಗುವಂತಿರಲಿಲ್ಲ. ಅದು ಮಾವನ ಬೆನ್ನಿನಲ್ಲಿ ಉಬ್ಬುತ್ತಿತ್ತು. ಅದರ ವರಸೆ ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೂ.

ಅಮ್ಮ ಅಪ್ಪನ ಮುಂಗೈ ಹಿಡಿದು ತನ್ನ ಬಾಯಿಗೆ ಎಳೆದುಕೊಂಡಳು. "ಇದೇ ರೀ, ಎಡಗಡೆ ಹಿಂದಿಂದು. ತಡ್ಕೊಳ್ಳೋಕಾಗಲ್ಲ. ಕಿತ್ತುಬಿಡಿ."

"ಅದು..." ಅಪ್ಪ ತಡೆದರು. ಆ ಹಲ್ಲಿಗೆ ಏನೂ ಆಗಿರಲಿಲ್ಲ. "ಮರಗಟ್ಟಿಸೋ ಮದ್ದಿಲ್ಲ ಕಣೇ. ಎಲ್ಲ ಇವರ ಆಸ್ಪತ್ರೆಗೆ ಹೋಯ್ತು."

"ಕೀಳಿ ಅಂದೆನಲ್ಲ!"

ಹುಳುಕು ಹಲ್ಲು ಬಂದುಬಿಡುತ್ತದೆ. ಗಟ್ಟಿ ಹಲ್ಲು ಮೂಳೆಯನ್ನು ಬಿಡುವುದಿಲ್ಲ. ಅಪ್ಪ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ಮಂಡಿಯನ್ನು ಕುರ್ಚಿಗೆ ಒತ್ತಿ ನಿಂತರು. ಅಮ್ಮ ಕೂಗಿದಳು. ನನ್ನನ್ನು ಹೆರುವಾಗಲೂ ಹಲ್ಲು ಕಚ್ಚಿಕೊಂಡಿದ್ದಳಂತೆ, ಸೂಲಗಿತ್ತಿಯೇ ಹೆದರಿದ್ದಳಂತೆ. ಅಂಥವಳ ಕೂಗಿಗೆ ಅಚ್ಚುಗಳು ಕಪಾಟಿನಲ್ಲಿ ಕಟಕಟ ಅಂದವು. ಆ ಕೂಗಿನೊಳಗೆ ಮಾವ ಕೆಮ್ಮಿದ, ಕೆಮ್ಮಿದ, ಕೆಮ್ಮಿದ. ಅವಳು ಉಸಿರಿಗೆ ನಿಂತಾಗ ಅವನು ತೋಳು ಕಚ್ಚಿದ. ಕಚ್ಚಿದ್ದು ಯಾವುದೋ ಗಳಿಗೆಯಲ್ಲಿ ಬಟ್ಟೆಯಾಗಿರದೆ ನನ್ನ ಕೈಯಾಗಿತ್ತು.

ಹಲ್ಲು ತಟ್ಟೆಗೆ ಬಿತ್ತು. ಕೂಗು ನಿಂತಿತು. ಅಪ್ಪನ ಕಣ್ಣು ಒಂದು ಸಲ ಕಪಾಟಿನತ್ತ ಹೋಗಿ ಬಂತು. ಮಾವನ ಬೆನ್ನು ಮತ್ತೆ ಉಬ್ಬತೊಡಗಿತ್ತು.

ಅಮ್ಮ ರಕ್ತ ಉಗುಳಿ, "ಪಕ್ಕದ್ದೂ ನೋಯ್ತಿದೆ," ಎಂದಳು.

ಅಪ್ಪ ಇಕ್ಕಳ ಒರೆಸಿಕೊಂಡರು. ಅವರ ತುಟಿ ಅದುರುತ್ತಿತ್ತು, ಕೈ ಮಾತ್ರ ಇಲ್ಲ.

ಎರಡನೆಯದು ಇನ್ನೂ ತಡವಾಯಿತು. ಅದು ಮುಗಿಯುವ ಹೊತ್ತಿಗೆ ಮಾವನ ಕೆಮ್ಮು ಇಳಿದಿತ್ತು. ಇಸ್ತ್ರಿ ಸಾಹೇಬ ಗೋಡೆಗೆ ಒರಗಿ ನಿಂತಿದ್ದ, ಮುಖ ಅಚ್ಚುಗಳಷ್ಟೇ ಬಿಳಿ. ಸಿಪಾಯಿಗಳು ಬಂದು ಏನೂ ಸಿಗಲಿಲ್ಲವೆಂದರು.

"ನಿಮ್ಮದೂ ನೋಡ್ಬಿಡ್ಲಾ ಸಾಹೇಬ್ರೇ?" ಅಪ್ಪ ಇಕ್ಕಳ ಹಿಡಿದೇ ಕೇಳಿದರು.

"ನಾಳೆ... ನಾಳೆ ಬಲ್ತೀನಿ," ಎಂದು ಸಾಹೇಬ ಹೊರಬಿದ್ದ. ಹೋಗುವಾಗ ಒಬ್ಬ ಸಿಪಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿದ.

ಅವನು ಸಂಜೆಯವರೆಗೂ ಕದಲಲಿಲ್ಲ. ನಾವೂ. ಕಾಲು ಮರಗಟ್ಟಿತು, ಉಚ್ಚೆ ಅಲ್ಲೇ ಆಯಿತು. ಬಿರುಕಿನಲ್ಲಿ ಅಮ್ಮ ಕಾಣುತ್ತಿದ್ದಳು. ಕುರ್ಚಿಯಿಂದ ಏಳದೆ ಹತ್ತಿ ಬದಲಿಸಿಕೊಳ್ಳುತ್ತಿದ್ದಳು, ಒಂದಾದ ಮೇಲೆ ಒಂದು. ನಾನು ಎಣಿಸುತ್ತಿದ್ದೆ. ಬೇರೆ ಕಡೆ ನೋಡೋಣವೆಂದರೆ ತಲೆ ತಿರುಗಿಸಲು ಜಾಗವಿರಲಿಲ್ಲ.

ಬೂಟಿನ ಸದ್ದು ಬೀದಿಯ ತಿರುವು ದಾಟಿದ ಮೇಲೆ ಅಪ್ಪ ಕಪಾಟು ಸರಿಸಿದರು. ಮಾವ ಅಕ್ಕನ ಕಾಲ ಬಳಿ ಕುಸಿದ.

"ಹೇಗೆ ಹತ್ತಿತು ಕೆಮ್ಮು?" ಅಪ್ಪ ಕೇಳಿದರು. ಗದರಿಕೆಯಿರಲಿಲ್ಲ, ರೋಗಿಯನ್ನು ಕೇಳುವ ಧ್ವನಿ.

ನಾನು ಬಾಯಿ ತೆರೆದೆ. ಮಾವ ನನ್ನ ಕಡೆ ನೋಡಲೇ ಇಲ್ಲ. "ಧೂಳು ಭಾವ," ಎಂದ. "ಈ ಪ್ಲಾಸ್ಟರಿಂದು. ಮೂಗಿಗೆ ಹೋಗ್ಬಿಡ್ತು."

ಅಪ್ಪ ಬಕೆಟ್ಟಿನಲ್ಲಿ ನೀರು ತಂದರು. ಕಪಾಟಿನ ಅಚ್ಚುಗಳನ್ನು ಒಂದೊಂದಾಗಿ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ಅಮ್ಮ ಬೇಡವೆಂದರೂ ಎದ್ದು ಬಂದಳು. ಕೆನ್ನೆ ಊದಿ ಕಣ್ಣು ಮುಚ್ಚಿತ್ತು. ನನಗೂ ಒಂದು ಬಟ್ಟೆ ಕೊಟ್ಟಳು.

ಅಂದಿನಿಂದ ಸೈನ್ಯ ಊರು ಬಿಡುವವರೆಗೆ, ಹನ್ನೊಂದು ವಾರ, ಬೆಳಗಾಗುತ್ತಲೇ ಅವರಿಬ್ಬರೂ ಮುನ್ನೂರು ಚಿಲ್ಲರೆ ದವಡೆ ಒರೆಸಿದರು. ಹೇಳಬೇಕೆಂದು ನಾನು ದಿನವೂ ಅವರ ನಡುವೆ ನಿಲ್ಲುತ್ತಿದ್ದೆ. ಮಾವ ಬದುಕಿಕೊಂಡ. ಅಪ್ಪ ಅಮ್ಮ ಅವರವರ ಕಾಲಕ್ಕೆ ಹೋದರು. ಈಗ ಹೇಳೋಣವೆಂದರೆ ಕೇಳಬೇಕಾದವರಿಲ್ಲ.

ಆ ಮೊದಲ ಸಂಜೆ ಅಮ್ಮ ಹತ್ತಿ ತುಂಬಿದ ಬಾಯಲ್ಲಿ ಏನೋ ಅಂದಳು. ತಿಳಿಯದೆ ಹತ್ತಿರ ಹೋದೆ.

"ಮೂಲೇಲಿ ಒರೆಸು ಪುಟ್ಟಿ," ಅನ್ನುತ್ತಿದ್ದಳು. "ಪಾಪ, ಅವನು ಅಲ್ಲೇ ಕೂರೋದು."

ಒರೆಸಿದೆ.