ತಪ್ಪಾಯಿತು ಎಂದು ಬರೆದ ಕಾಗದ

ಲ್ಯಾಪ್‌ಟಾಪಿನ ಪರದೆಯಲ್ಲಿ ನನ್ನ ಮುಖ ಇಷ್ಟು ಅಗಲವೇ, ಪಕ್ಕದಲ್ಲಿ ನಮ್ಮ ಕಚೇರಿಯ ಹಳೆಯ ಡ್ರೈವರ್ ಚಾಂದಪಾಶಾಭಾಯಿಯ ಅರ್ಧ ಮುಖ, ಒಂದು ಕಿವಿ, ಇನ್ನರ್ಧ ಹೊರಗೇ ಉಳಿದಿದೆ, ಈ ಕಡೆ ಸರೀರಿ ಅಂದರೆ ಇರಲಿ ಬಿಡ್ರಿ ಅಕ್ಕಾರ ಅನ್ನುತ್ತಾರೆ, ನನಗಿಂತ ಎರಡು ವರ್ಷ ದೊಡ್ಡವರು, ಆದರೂ ಅಕ್ಕಾರ — ಮದುವೆಗೆ ಬಂದವರ ಹಾಗೆ ಅತ್ತರು ಹಚ್ಚಿಕೊಂಡಿದ್ದಾರೆ, ಸುರಪುರದಿಂದ ಶಹಾಪುರದವರೆಗೂ ಬಸ್ಸಿನಲ್ಲಿ ನಿಂತೇ ಬಂದರಂತೆ, ಕೂತರೆ ಜುಬ್ಬಾದ ಇಸ್ತ್ರಿ ಮುರಿಯುತ್ತದೆ ಅಂತ, ನಗು ಬರುತ್ತದೆ, ನಗಬಾರದು, ಇನ್ನು ಹತ್ತು ನಿಮಿಷಕ್ಕೆ ಜಡ್ಜ್ ಸಾಹೇಬರು ಪರದೆಗೆ ಬರುತ್ತಾರೆ, ಹೊರಗಿನವರು, ನಮ್ಮ ಕಚೇರಿಯ ಯಾರ ಮುಲಾಜೂ ಇಲ್ಲದವರು, ಇಪ್ಪತ್ತು ದೇಶಗಳ ಮಕ್ಕಳಿಗೆ ಪೌಷ್ಟಿಕ ಪುಡಿ ಹಂಚುವ ನಮ್ಮ ಸಂಸ್ಥೆಗೆ ಈ ವರ್ಷ ಬುದ್ಧಿ ಬಂದಿದೆ, ನೌಕರರ ಮೇಲಿನ ದೂರನ್ನು ಇನ್ನು ಜೊತೆಯ ನೌಕರರೇ ಕೂತು ತೀರ್ಮಾನಿಸುವಂತಿಲ್ಲ, ಹಳೆಯ ಪ್ರಕರಣಗಳನ್ನೂ ಮತ್ತೆ ತೆರೆಯಬಹುದು, ಇವತ್ತು ಭಾಯಿಯದು, ಇದಕ್ಕಾಗಿ ನೌಕರರ ಸಂಘದಿಂದ ಎರಡು ವರ್ಷ ಪತ್ರ ಬರೆದವಳು ನಾನು, ರೇಣುಕಾದೇವಿ ಮೇಡಂ ಗಟ್ಟಿಗಿತ್ತಿ ಅಂತ ಸಂಘದವರು ಶಾಲು ಹೊದಿಸಿದರು, ಮನೆಗೆ ಬಂದವಳೇ ಅದನ್ನು ಟ್ರಂಕಿನ ತಳಕ್ಕೆ ತುರುಕಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಹೇಳುವುದಾದರೂ ಹೇಗೆ, ಭಾಯಿಯ ಮೇಲಿನ ದೂರನ್ನು ತೀರ್ಮಾನಿಸಿದ ಹಳೆಯ ಸಮಿತಿಯ ಮೂವರಲ್ಲಿ ನಾನೂ ಒಬ್ಬಳು — ಬಳಿಚಕ್ರದ ಊರಿಗೆ ಹೊರಟ ಜೀಪಿನಿಂದ ಹನ್ನೆರಡು ಪೆಟ್ಟಿಗೆ ಪುಡಿ ಕಾಣೆಯಾಯಿತು, ಓಡಿಸಿದವರು ಭಾಯಿ, ನಾ ಒಂದ್ ಚಮಚಾನೂ ಮುಟ್ಟಿಲ್ರಿ ಅಂದರು, ನಾವು ಮೂವರೂ ನಂಬಿದೆವು, ನಂಬಿಯೇ ಆ ಕೆಲಸ ಮಾಡಿದೆವು, ನಮ್ಮ ಕಡೆ ಕಟ್ಟೆಯ ಮೇಲೆ ಪಂಚರು ಕೂತಾಗ ಮಾಡುವುದೂ ಅದನ್ನೇ, ಮಾತು ಬೆಳೆಯಬಾರದು, ತಪ್ಪು ಯಾರದೇ ಇರಲಿ, ದೊಡ್ಡ ಮನಸ್ಸಿನವರು ಒಮ್ಮೆ ತಪ್ಪಾಯಿತು ಅಂದುಬಿಡಬೇಕು, ಎಲ್ಲರೂ ಚಹಾ ಕುಡಿದು ಏಳಬೇಕು, ಹಾಗೆ ಅಂದವರನ್ನು ಊರು ಕಳ್ಳನೆನ್ನುವುದಿಲ್ಲ, ದೊಡ್ಡವನೆನ್ನುತ್ತದೆ, ಭಾಯಿ, ತಪ್ಪಾತು ಅಂತ ಬರದು ಕೊಟ್ಟುಬಿಡ್ರಿ, ಇಲ್ಲಿಗೇ ಮುಗೀತದ ಅಂದವಳು ನಾನು, ಇಂಗ್ಲಿಷಿನಲ್ಲಿ ಟೈಪು ಮಾಡಿದವಳೂ ನಾನೇ, ಓದಿ ಹೇಳಲೇ ಅಂದರೆ ನೀವ್ ಬರದೀರಂದ್ರ ಆತ್ರಿ ಅಂತ ಸಹಿ ಹಾಕಿದರು, ಚಹಾ ಕುಡಿದೆವು, ವಿದೇಶದ ಮುಖ್ಯ ಕಚೇರಿಯವರು ಎಂದೂ ಕಟ್ಟೆ ಕಂಡವರಲ್ಲ, ಕಳವು ಒಪ್ಪಿಕೊಂಡಿದ್ದಾನೆ ಅಂತ ಓದಿಕೊಂಡರು, ಎಂಟನೆಯ ದಿನ ಕೆಲಸದಿಂದ ತೆಗೆದ ಆದೇಶ ಬಂತು. ಈಗ ಸುರಪುರದಲ್ಲಿ ಟಂಟಂ ಆಟೊ ಓಡಿಸುತ್ತಾರೆ, ಮಗಳು ಉಮೆಸಲ್ಮಾಳಿಗೆ ಬಂದ ಸಂಬಂಧ ಪುಡಿ ಕಳ್ಳನ ಮನೆ ಅನ್ನುವ ಮಾತಿಗೇ ತಪ್ಪಿತು, ಆದರೂ ಒಂದು ದಿನ ನನ್ನನ್ನು ಅಂದವರಲ್ಲ, ಹೆಂಡತಿ ಸುಗರಾಬಿ ಈದಿಗೆ ಶೀರ್‌ಖುರ್ಮಾ ಪಾಯಸ ಕಳಿಸುವುದನ್ನು ಬಿಟ್ಟಿಲ್ಲ, ಡಬ್ಬಿ ಬಳಿದು ತಿನ್ನುತ್ತೇನೆ, ನಾಚಿಕೆಗೆಟ್ಟವಳು, ಎಂಥ ಜೀವಗಳಪ್ಪ ಇವು, ಇವರ ಮೇಲೆ ನನಗೆಷ್ಟು ಪ್ರೀತಿ. ಸಮಿತಿಯಲ್ಲಿ ಜೊತೆಗಿದ್ದ ಶಿವರಾಜ ಸರ್ ನಿನ್ನೆ ಫೋನು ಮಾಡಿದ್ದರು, ಯಾರ್ ಬರದಿದ್ದು ಅಂತ ಕೇಳಿದ್ರ ನೆನಪಿಲ್ಲ ಅಂದ್ಬಿಡ್ರಿ ಮೇಡಂ, ನಿವೃತ್ತಿಗೆ ಮೂರ್ ವರ್ಷ ಅದ ನಿಮಗ — ಹೌದು, ಮೂರೇ ವರ್ಷ.

ಜಡ್ಜ್ ಬಂದರು, ತೆಳ್ಳಗಿನ ಹೆಂಗಸು, ಸಾಹೇಬರು ಅಂದುಕೊಂಡಿದ್ದೆನಲ್ಲ, ಕನ್ನಡದಲ್ಲೇ ಹೇಳಬಹುದು ಅನ್ನುತ್ತಾರೆ, ಅದೂ ಹೊಸ ನಿಯಮ, ತಪ್ಪಾಯಿತು ಎಂಬ ಈ ಪತ್ರ ಬರೆದದ್ದು ಯಾರು ಅಂತ ಕೇಳುತ್ತಾರೆ, ನೆನಪಿಲ್ಲ ಅನ್ನಲು ಎಷ್ಟು ಹೊತ್ತು ಬೇಕು, ನಾನ ಬರದೀನ್ರಿ, ಅವರಿಗೆ ಇಂಗ್ಲಿಷ್ ಓದಾಕ ಬರಂಗಿಲ್ರಿ, ಅವರು ಏನೂ ಕದ್ದಿಲ್ರಿ, ಮಾತು ಮುಗಸಾಕಂತ ನಾ ಹಂಗ ಬರದೀನ್ರಿ — ಅಂದೇ ಬಿಟ್ಟೆ, ಎದೆ ಹಗುರವಾಯಿತು, ಹಾಗಾದರೆ ನಿಮ್ಮ ಮೇಲೂ ವಿಚಾರಣೆ ನಡೆಯಬಹುದು, ಗೊತ್ತೇ ಅನ್ನುತ್ತಾರೆ ಜಡ್ಜ್, ಗೊತ್ತದ್ರಿ. ಕುರ್ಚಿ ಸರಿದ ಸದ್ದು, ಭಾಯಿ ಎದ್ದಿದ್ದಾರೆ, ಪರದೆಯಲ್ಲಿ ಮುಖವಿಲ್ಲ, ಜುಬ್ಬಾದ ಗುಂಡಿಗಳು ಮಾತ್ರ, ಗುಂಡಿಗಳ ಮುಂದೆ ಎರಡು ಕೈ ಕೂಡುತ್ತಿವೆ, ಅಕ್ಕಾರದೇನೂ ಇಲ್ರಿ, ತಪ್ಪು ನಂದ — ಬ್ಯಾಡ ಭಾಯಿ, ಬ್ಯಾಡ್ರಿ, ಆ ಕೈಗಳನ್ನು ಹಿಡಿದುಬಿಟ್ಟೆ, ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ, ಸ್ಟೇರಿಂಗ್ ಹಿಡಿದು ಗಡಸಾದ ಕೈ, ಜಡ್ಜ್ ನೋಡುತ್ತಿದ್ದಾರೆ, ನೋಡಲಿ, ಎಷ್ಟು ಬಲ ಇವಕ್ಕೆ, ನಾನು ದೂರ ಎಳೆದಷ್ಟೂ ಮುಗಿಯಲು ಬರುತ್ತಿವೆ, ಬಿಡುವುದಿಲ್ಲ, ಈ ಎರಡು ಕೈ, ಮುಗಿಯಲು ಬರುವ ಈ ಎರಡು ಕೈ —