ಕಣಗಲಾದ ಬೋರಿಂಗ್ ಕಾಯ್ದೆ

ಮುದಕವ್ವನ ಮೊಮ್ಮಗಳು ವಿದ್ಯಾ ಸೈನ್ಯ ಸೇರಿ ಆರು ವರ್ಷವಾಗಿತ್ತು. ಮುದಕವ್ವ ಹಿತ್ತಲಾಚೆಯ ಕೆಂಚವ್ವನ ಜೊತೆ ಮಾತು ಬಿಟ್ಟೂ ಅಷ್ಟೇ ವರ್ಷ. ವಿದ್ಯಾ ಹೊರಟ ದಿನ ಕೆಂಚವ್ವ, "ಹುಡುಗಿ ಅಲ್ಲಿ ಹೋಗಿ ಏನ್ ಮಾಡ್ತಾಳ? ಸಿಪಾಯಿಗೋಳಿಗೆ ರೊಟ್ಟಿ ಬಡೀತಾಳೇನು?" ಎಂದುಬಿಟ್ಟಿದ್ದಳು.

ಈಗ ವಿದ್ಯಾ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ದೇಶದಲ್ಲಿದ್ದಳು. ಆ ದೇಶದ ಹೆಸರು ಮುದಕವ್ವನ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಕೇಳಿದವರಿಗೆಲ್ಲ, "ಜಗಳಾ ಬಿಡಸಾಕ ಹೋಗ್ಯಾಳ" ಎನ್ನುತ್ತಿದ್ದಳು. ಅದೂ ಹಿತ್ತಲ ಗೋಡೆಯಾಚೆಗೆ ಕೇಳುವಷ್ಟು ಜೋರಾಗಿ.

ಒಂದು ಮಧ್ಯಾಹ್ನ ವಿದ್ಯಾಳ ವಿಡಿಯೊ ಕರೆ ಬಂತು. ಮುಖ ಸಪ್ಪಗಿತ್ತು.

"ಆಯಿ, ಇಲ್ಲಿ ಎರಡೂರಿನ ಹೆಣ್ಣಮಕ್ಕಳಿಗೆ ಒಂದ ಬೋರಿಂಗ್ ಐತಿ. ದಿನಾ ಹೊಡದಾಟ. ಹಗ್ಗಾ ಕಟ್ಟಿ ಎರಡು ಪಾಳಿ ಮಾಡಿದ್ವಿ. ಹಗ್ಗಾನ ಬಿಚ್ಚಿಗೊಂಡ ಹೋದ್ರು. ದೊಡ್ಡ ಸಾಹೇಬ್ರು ಬಂದು ಶಾಂತಿ ಮ್ಯಾಲ ಒಂದ್ ತಾಸು ಭಾಷಣಾ ಮಾಡಿದ್ರು. ಅದು ಮುಗಿಯೂದ್ರಾಗ ನಾಕು ಕ್ಯಾನ್ ಒಡದಿದ್ವು."

ಮುದಕವ್ವನ ಊರು ಕಣಗಲಾದ ಕಡೆ ಕೈಪಂಪಿಗೆ ಬೋರಿಂಗ್ ಎನ್ನುತ್ತಾರೆ. ಮನೆಮನೆಗೆ ನಳ ಬರುವ ಮೊದಲು ಅಲ್ಲೂ ಮೇಲಿನ ಓಣಿಗೆ, ಕೆಳಗಿನ ಓಣಿಗೆ ಸೇರಿ ಒಂದೇ ಬೋರಿಂಗ್ ಇತ್ತು. ಜುಟ್ಟು ಹಿಡಿದವರೂ ಇದ್ದರು.

"ನಮ್ಮೂರಾಗ ಹೆಂಗ ಮುಗೀತು ಆಯಿ?"

"ಮುಗೀತು, ಹೆಂಗೋ."

"ಯಾರು ಮುಗಿಸಿದ್ರು?"

ಮುದಕವ್ವ ಹಿತ್ತಲ ಕಡೆ ನೋಡಿದಳು. "ಅಕಿ. ಅದನ್ನ ನಾ ಹೇಳೂದು ಚೊಲೋ ಅಲ್ಲ. ಅಕೀನ ಹೇಳಬೇಕು."

"ಹಂಗಾರ ಅಲ್ಲಿಗೆ ಹೋಗು ಆಯಿ. ಇಲ್ಲಿ ನಿನ್ನೆ ಒಬ್ಬಾಕಿ ತಲಿ ಒಡದೈತಿ."

ಮುದಕವ್ವ ಸೆರಗು ಸರಿಮಾಡಿಕೊಂಡು, ಫೋನನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದು ಹೋದಳು. ಕೆಂಚವ್ವ ಶೇಂಗಾ ಸುಲಿಯುತ್ತಿದ್ದಳು. ಮುದಕವ್ವ ಅವಳ ಮುಖ ನೋಡದೆ ಫೋನಿಗೆ ಹೇಳಿದಳು: "ಬೋರಿಂಗಿನ ಜಗಳಾ ಹೆಂಗ ಬಿಡಸಿದ್ರು ಅಂತ ಕೇಳು."

ಕೆಂಚವ್ವನೂ ಫೋನಿಗೇ ಹೇಳಿದಳು: "ನಿಮ್ಮ ಆಯಿಗೆ ಮೊದಲ ಕುಂಡ್ರಾಕ ಹೇಳು."

ಒಂದೇ ಚಾಪೆಯ ಮೇಲೆ ಕೂತ ಇಬ್ಬರ ಮಾತು ಹೀಗೆ ಆಫ್ರಿಕಾಕ್ಕೆ ಹೋಗಿ ಬರತೊಡಗಿತು.

"ತನ್ನ ಕೊಡಾ ತಾನ ತುಂಬಬಾರದು," ಎಂದಳು ಕೆಂಚವ್ವ. "ಮ್ಯಾಲಿನ ಓಣ್ಯಾಕಿ ಕೊಡಾ ಇಟ್ರ ಕೆಳಗಿನ ಓಣ್ಯಾಕಿ ಹಿಡಿಕಿ ಜಗ್ಗಬೇಕು. ಆಮ್ಯಾಲ ಇಕಿ ಕೊಡಕ್ಕ ಅಕಿ. ಒಬ್ಬಾಕೀನ ಬಂದ್ರ ನೀರಿಲ್ಲ."

"ಯಾರೂ ಒಪ್ಪದಿದ್ರ?"

"ಒಪ್ಪೂದಿಲ್ಲ. ಯಾರರೆ ಒಬ್ಬಾಕಿ ಮೊದಲ ಸೋಲಬೇಕು. ನನಗ ಭಾಳ ಬೈದಾಕಿ ಒಬ್ಬಾಕಿ ಇದ್ಲು. ಅಕಿ ಕೊಡಾ ನಾನ ಜಗ್ಗಿ ತುಂಬಿದೆ. ಅಕಿಗೆ ನಾಚಿಕಿ ಬಂತು, ನಂದು ತುಂಬಿದ್ಲು."

"ಯಾರಕಿ?"

"ನಿಮ್ಮ ಆಯಿ."

"ನಾಚಿಕಿ ಏನ್ ಬಂದಿರಲಿಲ್ಲ," ಎಂದಳು ಮುದಕವ್ವ. "ನನಗ ಹೊತ್ತಾಗಿತ್ತು."

ಆರು ವರ್ಷದಲ್ಲಿ ಅವಳು ಕೆಂಚವ್ವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಕೆಂಚವ್ವ ಒಂದು ಹಿಡಿ ಶೇಂಗಾ ಅವಳ ಮುಂದೆ ಸರಿಸಿದಳು.

ವಾರದ ಮೇಲೆ ಮತ್ತೆ ಕರೆ ಬಂದಾಗ ಇಬ್ಬರೂ ಒಟ್ಟಿಗೇ ಕೂತಿದ್ದರು. ಅಲ್ಲಿ ಕೆಂಚವ್ವನ ಕಾಯ್ದೆ ತಂದ ಮೊದಲ ದಿನ ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ಬೈಯುತ್ತಲೇ ಜಗ್ಗಿದರಂತೆ. ಆ ಬೈಗುಳ ಏನೆಂದು ಹೇಳಲು ದುಭಾಷಿ ನಾಚಿದನಂತೆ. ಕ್ಯಾನ್ ಮಾತ್ರ ತುಂಬಿದವು. ನಾಲ್ಕನೆಯ ದಿನ ಒಬ್ಬಳು ಜಗ್ಗುವಾಗ ಅವಳ ಕೂಸನ್ನು ಆಚೆ ಊರಿನವಳು ಎತ್ತಿಕೊಂಡಿದ್ದಳು.

"ಜಗಳಾ ಪೂರ್ತಿ ನಿಂತಿಲ್ಲ ಆಯಿ. ಆದ್ರ ತಲಿ ಒಡ್ಯೂದು ನಿಂತೈತಿ. ಸಾಹೇಬ್ರು ಇದನ್ನ ರಿಪೋರ್ಟಿನಾಗ ಬರೀತಾರಂತ. ಯಾರ ಹೆಸರು ಹೇಳ್ಲಿ?"

"ಇಕೀದು ಹೇಳು. ಕಾಯ್ದೆ ಇಕೀದು," ಎಂದಳು ಮುದಕವ್ವ. ಕೆಂಚವ್ವನ ಕಣ್ಣು ಇನ್ನೂ ಅರಳುತ್ತಿರುವಾಗಲೇ ಸೇರಿಸಿದಳು: "ನಂದು ಅದರ ಮ್ಯಾಲ ಇರ್ಲಿ."

ಕೆಂಚವ್ವ ನಕ್ಕು ಒಪ್ಪಿದಳು. ಫೋನಿಗೆ ಬಾಯಿ ಹತ್ತಿರ ತಂದು ತನ್ನ ಶರತ್ತನ್ನೂ ಹೇಳಿದಳು: "ಊರು ಮಾತ್ರ ಬರಾಬರಿ ಬರಸವಾ. ಕಣಗಲಾ, ತಾಲೂಕ ಹುಕ್ಕೇರಿ. ಇಲ್ಲಂದ್ರ ಬಾಜೂಕಿನ ಸಂಕೇಶ್ವರದಾವ್ರು ಕಾಯ್ದೆ ನಮ್ದ ಅಂತಾರ."