ಬೇವಿನ ಗಿಡದ ಗಂಟು

ಕಣ್ಣಿಗೆ ಕರಿಬಟ್ಟೆ ಕಟ್ಟಿಸಿಕೊಂಡ ಹೆಡ್‌ಮಾಸ್ತರರೆಲ್ಲ ನವಲಗುಂದದ ತರಬೇತಿ ಕೇಂದ್ರದ ಅಂಗಳದಲ್ಲಿ ತಡವರಿಸುತ್ತಿದ್ದರು. ತಮ್ಮ ತಮ್ಮ ಶಾಲೆಯಲ್ಲಿ ಹುಲಿಯಂತಿರುವವರು ಇಲ್ಲಿ ಕಂಬವನ್ನು ತಬ್ಬಿಕೊಂಡು "ಯಾರ್ರೀ ನೀವು?" ಎನ್ನುತ್ತಿದ್ದರು.

"ನಳದ ತನಕಾ ಹೋಗ್ರಿ. ಕಣ್ಣು ಕಾಣದ ಕೂಸು ನಿಮ್ಮ ಸಾಲ್ಯಾಗ ದಿನಾ ಹಿಂಗಽ ಹೋಗ್ತದ," ಎಂದರು ತರಬೇತಿ ಕೊಡುವ ಅರುಣಾ ಮೇಡಂ.

ಮೊರಬದ ಸಿದ್ಧಾರೂಢ ಮಾಸ್ತರರು ನಿಂತಲ್ಲೇ ನಿಂತರು. ಅವರ ಶಾಲೆಯ ಕಣ್ಣು ಕಾಣದ ಹುಡುಗಿ ಸುಧಾರಾಣಿ ಹೀಗೆ ತಡವರಿಸಿಕೊಂಡೂ ಹೋಗುತ್ತಿರಲಿಲ್ಲ. ಯಾರನ್ನಾದರೂ ಕರೆಯಲು ನಾಚಿ, ಬಾಯಾರಿಕೆ ತಡೆದುಕೊಂಡು ಕೂತಿರುತ್ತಿದ್ದಳು. ಅದಕ್ಕೇ ಅವಳ ಅಪ್ಪ ಹೊಳೆಪ್ಪ ನಾಳೆ ಅವಳನ್ನು ದೂರದೂರಿನ ಹಾಸ್ಟೆಲಿಗೆ ಬಿಡಲು ಹೊರಟಿದ್ದ. ಬೇಡವೆನ್ನಲು ಮಾಸ್ತರರಿಗೆ ಬಾಯಿ ಬಂದಿರಲಿಲ್ಲ.

ಕತ್ತಲೆಯಲ್ಲಿ ಅವರ ಬಲಗೈ ತಾನಾಗಿ ಏನನ್ನೋ ಹುಡುಕಿತು. ಹಳೆಯ ಪುಂಡಿನಾರಿನ ಹಗ್ಗ ನೆನಪಾಯಿತು! ಈಗ ತಾವೇ ಹೆಡ್‌ಮಾಸ್ತರರಾಗಿರುವ ಮೊರಬದ ಶಾಲೆಯಲ್ಲಿ ಅವರು ಕಲಿಯುವಾಗ, ಕಣ್ಣಿಲ್ಲದ ಗೆಳೆಯ ಪುಂಡಲೀಕನಿಗಾಗಿ ಮಲಕಪ್ಪ ಮಾಸ್ತರರು ಕಟ್ಟಿದ ಹಗ್ಗ. ಒಂದು ಗಂಟು ಸಿಕ್ಕರೆ ಮೆಟ್ಟಿಲಿನ ಪಾವಟಿಗೆ, ಎರಡು ಸಿಕ್ಕರೆ ಬೇವಿನ ಗಿಡ, ಮೂರು ಸಿಕ್ಕರೆ ನೀರಿನ ಹರವಿ. ಹುಡುಗರೆಲ್ಲ ಕಣ್ಣು ಮುಚ್ಚಿ, ಅದನ್ನೇ ಹಿಡಿದು ಓಡುತ್ತಿದ್ದರು. ಗೆಲ್ಲುವವನು ಮಾತ್ರ ಯಾವಾಗಲೂ ಪುಂಡಲೀಕ. ಗೆದ್ದು ಬೇವಿನ ನೆರಳಲ್ಲಿ ಕೂತು, "ಕಣ್ಣಿದ್ದೂ ಎಡವತೀರಲ್ಲಲೇ!" ಎಂದು ಗೇಲಿ ಮಾಡುತ್ತಿದ್ದ. ಎಂಥ ದಿನಗಳವು!

ಸಂಜೆ ಬಸ್ಸಿಳಿಯುವಾಗ ಅವರ ಹೆಗಲಲ್ಲಿ ಹೊಸ ಹಗ್ಗದ ಸುರುಳಿಯಿತ್ತು.

ಮರುದಿನ ಹೊಳೆಪ್ಪ ಬಟ್ಟೆಯ ಚೀಲ ಹಿಡಿದು ಮಗಳೊಂದಿಗೆ ಬಂದಾಗ, ತರಗತಿಯ ಬಾಗಿಲಿನಿಂದ ನಳದವರೆಗೆ ಹಗ್ಗ ಬಿಗಿದಿತ್ತು.

"ಬಸ್ಸಿಗೆ ಹೊತ್ತಾಕ್ಕೈತ್ರಿ ಸರ."

"ಒಂದಽ ಸಲ ನೀರು ಕುಡದು ಬರ್ಲಿ, ತಡೀಪಾ. ಆಮ್ಯಾಲೆ ನಿನ್ನ ಮರ್ಜಿ." ಮಾಸ್ತರರು ಹುಡುಗಿಯ ಕೈಗೆ ಹಗ್ಗ ಕೊಟ್ಟರು. "ಒಂದು ಗಂಟು ಬಂದ್ರ ಪಾವಟಗಿ, ಮೂರು ಬಂದ್ರ ನಳ. ಹೋಗವ್ವ."

ಸುಧಾರಾಣಿ ಹೋದಳು. ಬೊಗಸೆ ತುಂಬ ನೀರು ಕುಡಿದಳು. ಕುಡಿದೇ ಕುಡಿದಳು. ಮರಳುವಾಗ ಬಯಲ ನಡುವೆ ನಿಂತು ಕೇಳಿದಳು:

"ಸರ, ಇಲ್ಲಿ ಎರಡು ಗಂಟು ಅದಾವ. ಇಲ್ಲೇನೈತ್ರಿ?"

ಮಾಸ್ತರರು ತಬ್ಬಿಬ್ಬಾದರು. ಗಿಡ ಉರುಳಿ ಎಷ್ಟೋ ಕಾಲವಾಗಿತ್ತು; ಕೈ ಮಾತ್ರ ಹಳೆಯ ರೂಢಿಯಲ್ಲಿ ಗಂಟು ಹಾಕಿಬಿಟ್ಟಿತ್ತು.

"ಬೇವಿನ ಗಿಡ ಇತ್ತವ್ವ. ನಮ್ಮ ಪುಂಡಲೀಕ ಅದರ ನೆಳ್ಳಾಗ ಕೂಡತಿದ್ದ."

ಸುಧಾರಾಣಿ ಅಲ್ಲೇ, ಬಿಸಿಲಲ್ಲೇ ಕೂತು ಮುಖ ಮೇಲೆತ್ತಿದಳು. ಹೊಳೆಪ್ಪ ಒಂದು ಗಳಿಗೆ ನೋಡಿದ. ಆಮೇಲೆ ಚೀಲವನ್ನು ಬಾಗಿಲ ಬಳಿ ಇಟ್ಟು, ಮೆಲ್ಲಗೆ ಬಂದು ಮಗಳಿಗೂ ಬಿಸಿಲಿಗೂ ನಡುವೆ ನಿಂತ.

"ನೆಳ್ಳು ಬಂತ್ರಿ ಸರ," ಎಂದಳು ಸುಧಾರಾಣಿ.